ಬಾಯಿ ಕ್ಯಾನ್ಸರ್‌ನ ಮೂಲ ಅರಸಿದ ಡಾ. ಖಾನೋಲ್ಕರ್

ಬಸವಕಲ್ಯಾಣ: ತಂಬಾಕಿಗೆ ಸುಣ್ಣ ಬೆರೆಸಿ, ಅಂಗೈಯಲ್ಲಿ ತಿಕ್ಕಿ, ತುಟಿ ಅಥವಾ ದವಡೆಯ ಸಂದಿಗೆ ಇಟ್ಟುಕೊಳ್ಳುವ ರೂಢಿ ಬಸವಕಲ್ಯಾಣ, ಹುಮನಾಬಾದ್ ಭಾಗಕ್ಕೆ ಹೊಸತಲ್ಲ. ಬಾಯಲ್ಲಿ ಮಾಯದ ಹುಣ್ಣಾಗಿ ಕಲಬುರಗಿ, ಸೋಲಾಪುರ, ಹೈದರಾಬಾದ್ ಆಸ್ಪತ್ರೆಗಳಿಗೆ ಹೋದವರ ಚಿಕಿತ್ಸೆ ನಿರ್ಧಾರವಾಗುವುದು ಬಯಾಪ್ಸಿ ವರದಿಯಿಂದ. ಆ ವರದಿಯ ಹಿಂದಿರುವ ರೋಗಶಾಸ್ತ್ರಕ್ಕೆ ಭಾರತದಲ್ಲಿ ಭದ್ರ ನೆಲೆ ಒದಗಿಸಿದವರಲ್ಲಿ ಡಾ. ವಸಂತ ರಾಮಜಿ ಖಾನೋಲ್ಕರ್ ಅಗ್ರಗಣ್ಯರು.

ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ 1895ರ ಏಪ್ರಿಲ್ 13ರಂದು ಜನಿಸಿದ ಅವರು 1923ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ರೋಗಶಾಸ್ತ್ರದಲ್ಲಿ ಎಂ.ಡಿ. ಪದವಿ ಪಡೆದರು. ಸ್ವದೇಶಕ್ಕೆ ಮರಳಿ ಮುಂಬೈನ ವೈದ್ಯಕೀಯ ಕಾಲೇಜುಗಳಲ್ಲಿ ಬೋಧಿಸಿದರು. 1941ರಲ್ಲಿ ಪರೇಲ್‌ನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದಾಗ ಅದರ ಪ್ರಯೋಗಾಲಯಗಳ ಹೊಣೆ ಹೊತ್ತರು.

ಕ್ಯಾನ್ಸರ್ ಪಾಶ್ಚಾತ್ಯರ ಕಾಯಿಲೆ, ಭಾರತದಲ್ಲಿ ಅದು ವಿರಳ ಎಂಬ ಭಾವನೆ ಬಲವಾಗಿದ್ದ ಕಾಲವದು. ಖಾನೋಲ್ಕರ್ ಒಂದು ಸಾವಿರ ಬಾಯಿ ಕ್ಯಾನ್ಸರ್ ಪ್ರಕರಣಗಳನ್ನು ಪರಿಶೀಲಿಸಿ 1944ರಲ್ಲಿ ವರದಿ ಪ್ರಕಟಿಸಿದರು. ಮರುವರ್ಷ, ಜನರ ರೂಢಿಗಳಿಗೂ ಕ್ಯಾನ್ಸರ್‌ಗೂ ಇರುವ ನಂಟನ್ನು ವಿವರಿಸಿದರು. ಸುಣ್ಣ ಬೆರೆಸಿದ ತಂಬಾಕನ್ನು ಕೆಳತುಟಿಯೊಳಗೆ ಇಟ್ಟುಕೊಳ್ಳುವವರಿಗೆ ಅಲ್ಲಿಯೇ ಗಡ್ಡೆ ಬೆಳೆಯುವುದನ್ನು ಗುರುತಿಸಿದರು.

1952ರಲ್ಲಿ ಸ್ಥಾಪನೆಯಾದ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಸಂಸ್ಥಾಪಕ ನಿರ್ದೇಶಕರಾದರು. ಮುಂಬೈ ವಿಶ್ವವಿದ್ಯಾಲಯದ ಕುಲಪತಿಯಾಗಿಯೂ ಸೇವೆ ಸಲ್ಲಿಸಿದರು. ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. 1978ರ ಅಕ್ಟೋಬರ್ 29ರಂದು ನಿಧನರಾದರು.

ಚೂರು ಹೇಳುವ ಭವಿಷ್ಯ

ಖಾನೋಲ್ಕರ್ ಅರಸಿದ್ದು ರೋಗದ ಮೂಲವನ್ನು. ಅದೇ ಗಡ್ಡೆಯ ಅಂಗಾಂಶ ರೋಗದ ಮುಂದಿನ ಗತಿಯನ್ನೂ ಸೂಚಿಸಬಲ್ಲದು. ಜೀವಕೋಶಗಳು ಸಹಜ ರೂಪದಿಂದ ದೂರವಾದಷ್ಟೂ ಅಪಾಯ ಹೆಚ್ಚು ಎಂಬುದನ್ನು ಅಮೆರಿಕದ ರೋಗಶಾಸ್ತ್ರಜ್ಞ ಬ್ರಾಡರ್ಸ್ 1920ರಲ್ಲಿ ತುಟಿಯ ಕ್ಯಾನ್ಸರ್ ಕುರಿತ ಅಧ್ಯಯನದಲ್ಲಿ ತೋರಿಸಿದ್ದರು. ಇಂದು ಶಸ್ತ್ರಚಿಕಿತ್ಸೆಯ ನಂತರದ ವರದಿಯಲ್ಲಿ ಇನ್ನೂ ಹಲವು ಅಂಶಗಳಿರುತ್ತವೆ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ನರಗಳನ್ನು ಸುತ್ತುವರಿದಿದೆಯೇ, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿ ಅವುಗಳ ಹೊದಿಕೆಯನ್ನೂ ದಾಟಿದೆಯೇ ಎಂಬುದನ್ನು ನೋಡಲಾಗುತ್ತದೆ.

2018ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಆಳಕ್ಕೆ ವಿಶೇಷ ಮಹತ್ವ ಬಂದಿದೆ. ಎರಡು ಸೆಂ.ಮೀ.ಗಿಂತ ಚಿಕ್ಕದಾದ ಗಡ್ಡೆಯೂ 5 ಮಿ.ಮೀ.ಗಿಂತ ಆಳಕ್ಕೆ ಇಳಿದಿದ್ದರೆ ಅದು ಮೊದಲ ಹಂತದ್ದೆನಿಸದು. ಹುಣ್ಣು ಸಣ್ಣದೆಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ.

ಖಾನೋಲ್ಕರ್ ದುಡಿದ ಆಸ್ಪತ್ರೆಯೇ ಇದಕ್ಕೆ ಪೂರಕವಾದ ಸಾಕ್ಷ್ಯ ಒದಗಿಸಿದೆ. ಆರಂಭಿಕ ಬಾಯಿ ಕ್ಯಾನ್ಸರ್‌ನ 500 ರೋಗಿಗಳ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಗಡ್ಡೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಶೇ 80ರಷ್ಟು ಮಂದಿ ಮೂರು ವರ್ಷಗಳ ಬಳಿಕವೂ ಬದುಕಿದ್ದರು. ಗ್ರಂಥಿಗಳಿಗೆ ರೋಗ ಹರಡಿದ ಮೇಲಷ್ಟೇ ಆ ಚಿಕಿತ್ಸೆ ಪಡೆಯಲು ಕಾದವರಲ್ಲಿ ಈ ಪ್ರಮಾಣ ಶೇ 67.5.

ಎರಡು-ಮೂರು ವಾರ ಕಳೆದರೂ ಮಾಯದ ಬಾಯಿ ಹುಣ್ಣನ್ನು ವೈದ್ಯರಿಗೆ ತೋರಿಸುವುದು ಅಗತ್ಯ. ಅದರ ಒಳಗೇನಿದೆ ಎಂಬುದು ಕನ್ನಡಿಗೆ ಕಾಣದು, ಸೂಕ್ಷ್ಮದರ್ಶಕಕ್ಕೆ ಕಾಣುತ್ತದೆ.