ಸಾಮಾನ್ಯರ ಕೈಗೆ ಸ್ಪ್ಯಾನರ್ ಕೊಟ್ಟ ಎಂಜಿನಿಯರ್: ಮನೆಯಲ್ಲೇ ಕಾರು ರಿಪೇರಿ ಕಲಿಸಿದ ಜಾನ್ ಮ್ಯೂರ್ ಯಾರು ಗೊತ್ತಾ?

ಕಾರು ಕೆಟ್ಟು ನಿಂತಾಗ ಬಾನೆಟ್ ಎತ್ತಿ, ಒಳಗೆ ಇಣುಕಿ, ಏನೂ ಅರ್ಥವಾಗದೆ ಮತ್ತೆ ಮುಚ್ಚುವವರೇ ಹೆಚ್ಚು. ಆಮೇಲೆ ಮೆಕ್ಯಾನಿಕ್ ಹೇಳಿದ್ದೇ ಸತ್ಯ, ಬರೆದುಕೊಟ್ಟಿದ್ದೇ ಬಿಲ್. ಈ ಅಸಹಾಯಕತೆಗೆ ಬುದ್ಧಿ ಕಡಿಮೆ ಇರುವುದು ಕಾರಣವಲ್ಲ, ಭಯ ಕಾರಣ ಎಂದು ನಂಬಿದ್ದ ಅಮೆರಿಕದ ಎಂಜಿನಿಯರ್ ಒಬ್ಬರು 1969ರಲ್ಲಿ ಒಂದು ಪುಸ್ತಕ ಬರೆದರು. ಅದು 20 ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಯಿತು. ಅವರೇ ಜಾನ್ ಮ್ಯೂರ್.

ಹೆಸರು ಕೇಳಿದ ತಕ್ಷಣ ಯೊಸೆಮಿಟಿ ಕಾಡುಗಳ ರಕ್ಷಣೆಗೆ ಹೋರಾಡಿದ, ಸಿಯೆರಾ ಕ್ಲಬ್ ಸ್ಥಾಪಿಸಿದ ಪರಿಸರವಾದಿ ಜಾನ್ ಮ್ಯೂರ್ ನೆನಪಾಗಬಹುದು. ಅವರು 1914ರಲ್ಲೇ ತೀರಿಕೊಂಡರು. ಈ ಮ್ಯೂರ್ ಹುಟ್ಟಿದ್ದು 1918ರಲ್ಲಿ. ಇಬ್ಬರೂ ದೂರದ ಸಂಬಂಧಿಗಳು.

ವಿಮಾನ ಕಂಪನಿಯಿಂದ ಗ್ಯಾರೇಜಿಗೆ

ಮ್ಯೂರ್ ಓದಿನಿಂದ ಸ್ಟ್ರಕ್ಚರಲ್ ಎಂಜಿನಿಯರ್. ಹೆಸರಾಂತ ವಿಮಾನ ತಯಾರಿಕಾ ಕಂಪನಿ ಲಾಕ್‌ಹೀಡ್‌ನಲ್ಲಿ ಕೆಲಸ ಮಾಡಿದವರು. ಆದರೆ 1960ರ ದಶಕದಲ್ಲಿ ಅವರು ಆ ಬದುಕಿನಿಂದ ಹೊರಬಂದರು. ಕೂದಲು ಉದ್ದ ಬಿಟ್ಟರು. ನ್ಯೂ ಮೆಕ್ಸಿಕೋ ರಾಜ್ಯದ ತಾವೋಸ್ ಎಂಬ ಪುಟ್ಟ ಊರಿಗೆ ಹೋಗಿ ಗ್ಯಾರೇಜ್ ಇಟ್ಟುಕೊಂಡರು.

ಅದು ಅಮೆರಿಕದಲ್ಲಿ ಹಿಪ್ಪಿ ಚಳವಳಿಯ ಕಾಲ. ನಗರದ ನೌಕರಿ ಬೇಡವೆಂದ ಯುವಕ ಯುವತಿಯರು ತಾವೋಸ್ ಸುತ್ತಮುತ್ತ ಗುಂಪಾಗಿ ನೆಲೆಸುತ್ತಿದ್ದರು. ಅವರಲ್ಲಿ ಅನೇಕರ ಬಳಿ ಇದ್ದಿದ್ದು ಕಡಿಮೆ ಬೆಲೆಗೆ ಸಿಗುತ್ತಿದ್ದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಅಥವಾ ಅದೇ ಕಂಪನಿಯ ವ್ಯಾನ್. ಕಾರು ಇತ್ತು, ರಿಪೇರಿಗೆ ದುಡ್ಡಿರಲಿಲ್ಲ. ಹತ್ತಿರದಲ್ಲಿ ಶೋರೂಮ್ ಕೂಡ ಇರಲಿಲ್ಲ. ಮ್ಯೂರ್ ಬರೆದ ಪುಸ್ತಕ ಇಂಥವರಿಗಾಗಿಯೇ ಹುಟ್ಟಿತು.

ಶೀರ್ಷಿಕೆಯಲ್ಲೇ 'ಈಡಿಯಟ್'

'ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್' ಎಂಬುದು ಪುಸ್ತಕದ ಹೆಸರು. ಇದು ಶುದ್ಧ ದಡ್ಡರಿಗಾಗಿ ಬರೆದ, ಹಂತ ಹಂತದ ಕೈಪಿಡಿ ಎಂದು ಉಪಶೀರ್ಷಿಕೆ ಹೇಳುತ್ತಿತ್ತು. ಓದುಗರನ್ನು ಅವಮಾನಿಸುವ ಉದ್ದೇಶ ಅದರಲ್ಲಿರಲಿಲ್ಲ. ಏನೂ ಗೊತ್ತಿಲ್ಲದವರೂ ಇಲ್ಲಿಂದ ಶುರು ಮಾಡಬಹುದು, ನಾಚಿಕೆ ಬೇಡ ಎಂಬ ಆಹ್ವಾನ ಅದು. 'ಡಮ್ಮೀಸ್' ಸರಣಿಯ ಪುಸ್ತಕಗಳು ಮಾರುಕಟ್ಟೆಗೆ ಬರಲು ಇನ್ನೂ ಎರಡು ದಶಕ ಬಾಕಿ ಇತ್ತು.

ಪುಸ್ತಕ ಪ್ರಕಟಿಸಲು ಮ್ಯೂರ್ ತಮ್ಮದೇ ಹೆಸರಿನ ಪ್ರಕಾಶನ ಆರಂಭಿಸಿದರು. ಕಾರಿನ ಪಕ್ಕದಲ್ಲಿ ತೆರೆದಿಟ್ಟರೆ ಹಾಳೆಗಳು ಮಡಚಿಕೊಳ್ಳಬಾರದು ಎಂದು ಸ್ಪೈರಲ್ ಬೈಂಡಿಂಗ್ ಇತ್ತು. ಕಲಾವಿದ ಪೀಟರ್ ಆಶ್ವಾಂಡೆನ್ ಬರೆದ ಚಿತ್ರಗಳಲ್ಲಿ ಎಂಜಿನ್‌ನ ಒಂದೊಂದು ಭಾಗವೂ ಬಿಡಿಬಿಡಿಯಾಗಿ ಕಾಣುತ್ತಿತ್ತು, ಜೊತೆಗೆ ನಗುವೂ ಬರುತ್ತಿತ್ತು.

ಅಧ್ಯಾಯಗಳನ್ನು ಜೋಡಿಸಿದ ರೀತಿಯೇ ಹೊಸದು. ಕಂಪನಿಯ ಕೈಪಿಡಿಗಳು ಭಾಗಗಳ ಹೆಸರಿನಿಂದ ಆರಂಭವಾಗುತ್ತವೆ. ಕಾರ್ಬ್ಯುರೇಟರ್ ಎಂದರೇನು ಎಂದೇ ಗೊತ್ತಿಲ್ಲದವರು ಆ ಅಧ್ಯಾಯ ತೆರೆಯುವುದಾದರೂ ಹೇಗೆ? ಮ್ಯೂರ್ ಲಕ್ಷಣಗಳಿಂದ ಶುರು ಮಾಡಿದರು. ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ, ಕೆಂಪು ದೀಪ ಹೊತ್ತಿದೆ, ಬ್ರೇಕ್ ಹಿಡಿಯುತ್ತಿಲ್ಲ, ಸ್ಟೀರಿಂಗ್ ನಡುಗುತ್ತಿದೆ: ಡ್ರೈವರ್‌ಗೆ ಕಂಡದ್ದೇ, ಕೇಳಿಸಿದ್ದೇ ಅಧ್ಯಾಯವಾಯಿತು.

ಕೆಂಪು ದೀಪದ ಹಿಂದಿನ ಕಥೆ

ಇದು ಎಷ್ಟು ಮುಖ್ಯ ಎಂಬುದಕ್ಕೆ ಆ ಕೆಂಪು ದೀಪವೇ ಸಾಕ್ಷಿ. ಬೀಟಲ್ ಎಂಜಿನ್‌ಗೆ ರೇಡಿಯೇಟರ್ ಇಲ್ಲ, ಗಾಳಿಯೇ ಅದನ್ನು ತಂಪಾಗಿಸಬೇಕು. ಜನರೇಟರ್ ಮತ್ತು ಗಾಳಿ ಬೀಸುವ ಫ್ಯಾನ್ ಎರಡೂ ತಿರುಗುವುದು ಒಂದೇ ಬೆಲ್ಟ್‌ನಿಂದ. ಜನರೇಟರ್ ದೀಪ ಹೊತ್ತಿತೆಂದರೆ ಬೆಲ್ಟ್ ತುಂಡಾಗಿರಬಹುದು. ಬ್ಯಾಟರಿ ಸಮಸ್ಯೆ ಇರಬೇಕು ಎಂದುಕೊಂಡು ಇನ್ನಷ್ಟು ದೂರ ಓಡಿಸಿದರೆ ಎಂಜಿನ್ ಸುಟ್ಟುಹೋಗುತ್ತದೆ. ಕಾರಣ ಗೊತ್ತಿದ್ದವರು ನಿಲ್ಲಿಸಿ, ಹೊಸ ಬೆಲ್ಟ್ ಹಾಕಿ ಮುಂದೆ ಹೋಗುತ್ತಾರೆ.

ಎಣ್ಣೆಯ ವಿಷಯವೂ ಹಾಗೆಯೇ. ಬೀಟಲ್ ಎಂಜಿನ್ ಹಿಡಿಯುವುದು ಕೇವಲ ಎರಡೂವರೆ ಲೀಟರ್ ಆಯಿಲ್. ಫಿಲ್ಟರ್ ಬದಲು ಒಂದು ಜಾಲರಿ ಮಾತ್ರ ಇರುತ್ತದೆ. ಹಾಗಾಗಿ ಸುಮಾರು 3,000 ಮೈಲಿಗೊಮ್ಮೆ, ಅಂದರೆ 4,800 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಬೇಕು, ವಾಲ್ವ್‌ಗಳ ಅಂತರವನ್ನೂ ಸರಿಪಡಿಸಬೇಕು ಎಂಬುದು ಮ್ಯೂರ್ ಕಟ್ಟುನಿಟ್ಟು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಈ ಕೆಲಸ ಮಾಡಬೇಕು. ಆಯಿಲ್ ಕೂಲರ್ ಅಡ್ಡ ಬರುತ್ತಿದ್ದ ಹಳೆಯ ಎಂಜಿನ್‌ಗಳಲ್ಲಿ ಮೂರನೇ ಸಿಲಿಂಡರ್‌ಗೆ ತಂಪು ಗಾಳಿ ಕಡಿಮೆ. ಅದರ ಎಕ್ಸಾಸ್ಟ್ ವಾಲ್ವ್ ಬೇರೆಯವಕ್ಕಿಂತ ಮೊದಲೇ ಸುಡುತ್ತಿತ್ತು.

ಯಾವ ಹಂತಕ್ಕೆ ಯಾವ ಉಪಕರಣ ಬೇಕು ಎಂಬುದನ್ನೂ ಅವರು ಮೂರು ಪಟ್ಟಿಗಳಾಗಿ ಕೊಟ್ಟರು. ಮೊದಲ ಪಟ್ಟಿ ಸಣ್ಣ ಕೆಲಸಗಳಿಗೆ, ಕೊನೆಯದು ಎಂಜಿನ್ ಇಳಿಸಿ ಬಿಚ್ಚುವವರಿಗೆ. ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಿರಲಿಲ್ಲ. ಐದು ವರ್ಷಗಳ ನಂತರ, 1974ರಲ್ಲಿ ರಾಬರ್ಟ್ ಪಿರ್ಸಿಗ್ ಮೋಟಾರ್‌ಸೈಕಲ್ ನಿರ್ವಹಣೆಯನ್ನು ತತ್ವಶಾಸ್ತ್ರದ ಕಾದಂಬರಿಯಾಗಿಸಿ ವಿಶ್ವಖ್ಯಾತರಾದರು. ಮ್ಯೂರ್ ಅದಕ್ಕೂ ಮೊದಲೇ ಅಂಥದ್ದೇ ಮನೋಭಾವವನ್ನು ಗ್ರೀಸ್ ಮೆತ್ತಿದ ಕೈಗಳಿಗೆ ತಲುಪಿಸಿದ್ದರು.

ಸುಬಾರುವಿಗೂ ಬಂತು ಕೈಪಿಡಿ

ಮ್ಯೂರ್ 1977ರಲ್ಲಿ, ಅರವತ್ತು ತುಂಬುವ ಮುನ್ನವೇ ನಿಧನರಾದರು. ಆದರೆ ಪುಸ್ತಕ ನಿಲ್ಲಲಿಲ್ಲ. ಹೊಸ ಮಾದರಿಗಳಿಗೆ ತಕ್ಕಂತೆ ಪರಿಷ್ಕೃತ ಆವೃತ್ತಿಗಳು ಬಂದವು. ಅವರ ಪ್ರಕಾಶನ ಸಂಸ್ಥೆ ಬೇರೆ ಕಾರುಗಳಿಗೂ ಇದೇ ಮಾದರಿಯ ಪುಸ್ತಕಗಳನ್ನು ತಂದಿತು. ಅವುಗಳಲ್ಲಿ ಜಪಾನಿನ ಸುಬಾರು ಕಾರುಗಳ ಕೈಪಿಡಿಯೂ ಒಂದು.

ಬೀಟಲ್ ಮತ್ತು ಸುಬಾರು ನಡುವೆ ಎಂಜಿನ್ ನಂಟಿದೆ. ಎರಡರಲ್ಲೂ ಸಿಲಿಂಡರ್‌ಗಳು ಎರಡು ಬದಿಗೆ ಮಲಗಿರುತ್ತವೆ. ಇದಕ್ಕೆ ಬಾಕ್ಸರ್ ಎಂಜಿನ್ ಎನ್ನುತ್ತಾರೆ. ಬೀಟಲ್‌ನಲ್ಲಿ ಅದು ಹಿಂದೆ, ಗಾಳಿಯಿಂದ ತಂಪಾಗುವಂಥದ್ದು. 1966ರ ಸುಬಾರು 1000 ಮಾದರಿಯಲ್ಲಿ ಅದು ಮುಂದೆ, ನೀರಿನಿಂದ ತಂಪಾಗುವಂಥದ್ದು.

ಹಳೆಯ ಸುಬಾರು ಇಟ್ಟುಕೊಂಡವರಿಗೆ ಇಂದಿಗೂ ಮ್ಯೂರ್ ಶಿಸ್ತೇ ಆಸರೆ. 1990ರ ದಶಕದ ನಂತರದ 2.5 ಲೀಟರ್ ಎಂಜಿನ್‌ಗಳಲ್ಲಿ ಹೆಡ್ ಗ್ಯಾಸ್ಕೆಟ್ ಸೋರುವುದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡುವ ಅಭ್ಯಾಸವಿದ್ದರೆ ಅದು ಬೇಗ ತಿಳಿಯುತ್ತದೆ. ಟೈಮಿಂಗ್ ಬೆಲ್ಟ್ ಕಥೆ ಇನ್ನೂ ಗಂಭೀರ. ಅದು ತುಂಡಾದರೆ ಈ ಎಂಜಿನ್‌ನ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿಯುತ್ತವೆ. ಸಕಾಲಕ್ಕೆ ಬದಲಿಸದ ಒಂದು ಬೆಲ್ಟ್ ಇಡೀ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಹುದು.

ಭಾರತದಲ್ಲೂ ಸುಬಾರು ಓಡಾಡಿದೆ, ಬೇರೆ ಹೆಸರಿನಲ್ಲಿ. ಜನರಲ್ ಮೋಟಾರ್ಸ್ ಇಲ್ಲಿ ಮಾರಿದ ಷೆವ್ರೊಲೆ ಫಾರೆಸ್ಟರ್ ಮೂಲತಃ ಸುಬಾರು ಕಾರು. ಆ ಕಂಪನಿ 2017ರಲ್ಲಿ ಭಾರತದಲ್ಲಿ ಕಾರು ಮಾರಾಟವನ್ನೇ ನಿಲ್ಲಿಸಿತು. ತಯಾರಕರೇ ಹೊರಟುಹೋದ ಕಾರನ್ನು ಉಳಿಸಿಕೊಳ್ಳಬೇಕಾದರೆ ಮಾಲೀಕರಿಗೆ ಅದರ ಒಳಗುಟ್ಟು ಗೊತ್ತಿರಲೇಬೇಕು.

ಈಗ ಬೀಗ ಸಾಫ್ಟ್‌ವೇರ್‌ನದ್ದು

ಮ್ಯೂರ್ ಕಾಲದಲ್ಲಿ ಅಡ್ಡಿಯಾಗಿದ್ದು ಭಯ ಮಾತ್ರ. ಇಂದು ಕಾರಿನ ದೋಷ ಹೇಳುವ ಮಾಹಿತಿಯೇ ಕಂಪ್ಯೂಟರ್ ಒಳಗಿದೆ. ಅದು ಯಾರ ಸ್ವತ್ತು ಎಂಬುದೇ ಈಗಿನ ಜಗಳ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ, ಮತ್ತೆ 2020ರಲ್ಲಿ ರಿಪೇರಿ ಹಕ್ಕಿನ ಪರ ಮತ ಹಾಕಿದರು. ಎರಡನೇ ಬಾರಿ ಕಾರುಗಳು ನಿಸ್ತಂತುವಾಗಿ ಕಳಿಸುವ ಮಾಹಿತಿಯೂ ಮಾಲೀಕರಿಗೆ ಸಿಗಬೇಕು ಎಂದರು. ಆ ಬಳಿಕ ಸುಬಾರು ತನ್ನ 2022ರ ಮಾದರಿಗಳಿಂದ ಅಲ್ಲಿನ ಗ್ರಾಹಕರಿಗೆ ಇಂಥ ಸಂಪರ್ಕ ಸೇವೆಯನ್ನೇ ಸ್ಥಗಿತಗೊಳಿಸಿತು.

ಭಾರತ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿದೆ. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ.

ಎಲ್ಲರೂ ಮೆಕ್ಯಾನಿಕ್ ಆಗಬೇಕು ಎಂದು ಮ್ಯೂರ್ ಬಯಸಿರಲಿಲ್ಲ. ಗ್ಯಾರೇಜಿಗೆ ಹೋಗುವವರಿಗೂ ತಮ್ಮ ಕಾರಿಗೆ ಏನಾಗಿದೆ ಎಂದು ಗೊತ್ತಿದ್ದರೆ ಬಿಲ್‌ನ ಮುಂದೆ ತಲೆ ತಗ್ಗಿಸಬೇಕಿಲ್ಲ. ಕೊನೆಯ ಬೀಟಲ್ 2003ರಲ್ಲಿ ಮೆಕ್ಸಿಕೋದ ಪ್ಯೂಬ್ಲಾ ಕಾರ್ಖಾನೆಯಿಂದ ಹೊರಬಂತು. ಅದನ್ನು ಬಿಚ್ಚಿ ಜೋಡಿಸಲು ಕಲಿಸಿದ ಪುಸ್ತಕಕ್ಕೆ ಇಂದಿಗೂ ಓದುಗರಿದ್ದಾರೆ.