ಪಕ್ಕವಾದ್ಯದ ದೊರೆ: ಸಂಗೀತರತ್ನ ಟಿ. ಚೌಡಯ್ಯ

ಬೆಂಗಳೂರಿನ ವೈಯಾಲಿಕಾವಲಿನಲ್ಲಿರುವ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವನ್ನು ಹೈದರಾಬಾದಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಬಹುತೇಕರು ಕಂಡಿರುತ್ತಾರೆ. ಆ ಭವನಕ್ಕೆ ಹೆಸರಾದ ವಿದ್ವಾಂಸರು ಬಾಳಿನ ಬಹುಭಾಗವನ್ನು ವೇದಿಕೆಯ ನಡುವೆಯಲ್ಲ, ಗಾಯಕರ ಪಕ್ಕದಲ್ಲಿ ಕುಳಿತು ಕಳೆದರು.

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಚೌಡಯ್ಯನವರು 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನ ದೊರಕಿಸಿದ ಕೃಷ್ಣಪ್ಪನವರು ಶಿಸ್ತಿನಲ್ಲಿ ಬಲು ಕಠಿಣ. ಆ ಗುರುಕುಲವಾಸದಲ್ಲಿ ಗುರುವಿನ ಗಾಯನಕ್ಕೇ ಪಿಟೀಲು ನುಡಿಸಬೇಕಾಗಿತ್ತು. ತಿದ್ದುವವರೂ ಅವರೇ, ಹಾಡುವವರೂ ಅವರೇ ಆಗಿರುವಾಗ ಶಿಷ್ಯನ ಎದೆ ಹೇಗೆ ಬಡಿದುಕೊಂಡಿರಬೇಕೆಂಬುದನ್ನು ಊಹಿಸಬಹುದು.

ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲುಗಳನ್ನು ತಲುಪುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಇದನ್ನು ಎಲ್ಲರೂ ಮೆಚ್ಚಲಿಲ್ಲ. ಪಕ್ಕವಾದ್ಯ ಗಾಯಕನನ್ನು ಮೀರಬಾರದೆಂಬುದು ಸಂಪ್ರದಾಯ. ಈ ವಾದ್ಯದ ಗಂಭೀರ ನಾದಕ್ಕೆ ಮೃದು ಕಂಠದವರು ಅಂಜುವುದು ಸಹಜವೇ.

ಅಂಜದೆ ಹಾಡಬಲ್ಲವರೊಬ್ಬರಿದ್ದರು: ಚೆಂಬೈ ವೈದ್ಯನಾಥ ಭಾಗವತರು. ಅವರದು ಕಂಚಿನ ಕಂಠ. ಇವರಿಬ್ಬರೂ ಓರಗೆಯವರು. ಮೃದಂಗಕ್ಕೆ ಕುಳಿತ ಪಾಲ್ಘಾಟ್ ಮಣಿ ಅಯ್ಯರ್ (ಜನನ 1912) ಹದಿನೇಳು ವರ್ಷ ಕಿರಿಯರು, ಹುಡುಗನಾಗಿದ್ದಾಗಲೇ ಚೆಂಬೈಯವರ ಕಚೇರಿಗಳಿಂದ ಬೆಳಕಿಗೆ ಬಂದವರು. ಚೆಂಬೈ, ಮಣಿ ಅಯ್ಯರ್ ಇಬ್ಬರೂ ಪಾಲ್ಘಾಟಿನ ಕಡೆಯವರು. ನಡುವೆ ಒಬ್ಬ ಕನ್ನಡಿಗ. ಒಂದೇ ಕಚೇರಿಯಲ್ಲಿ ದಶಕಗಟ್ಟಲೆ ಜೊತೆಗೆ ಕುಳಿತವರ ಸ್ನೇಹ ಎಷ್ಟು ಗಟ್ಟಿ, ಎಷ್ಟು ನಾಜೂಕು ಎಂಬುದು ಬ್ಯಾಂಕಿನವನಾದ ನನಗೂ ಸ್ವಲ್ಪ ತಿಳಿದಿದೆ, ನಮ್ಮದು ಬೇರೆ ಬಗೆಯ ಕಚೇರಿಯಾದರೂ. ವೇದಿಕೆಯ ಮೇಲೆ ಮಾತ್ರ ಲೆಕ್ಕ ಇನ್ನೂ ಸೂಕ್ಷ್ಮ. ಗಾಯಕರು ಬಿಟ್ಟುಕೊಟ್ಟಷ್ಟೇ ಅವಕಾಶ, ಅದನ್ನು ತುಂಬಿದ ಮೇಲೆ ಚಪ್ಪಾಳೆ ಯಾರಿಗೆಂಬ ಪ್ರಶ್ನೆ. ಚೆಂಬೈಯವರು ಧಾರಾಳವಾಗಿ ಬಿಟ್ಟುಕೊಡುವ ಸ್ವಭಾವದವರಾದ್ದರಿಂದಲೇ ಈ ಜೋಡಿ ಬಾಳಿತೆಂದು ನನ್ನ ಅನಿಸಿಕೆ.

1943ರಲ್ಲಿ ಚೌಡಯ್ಯನವರು 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದಾಗ ಗೆಳೆಯರಿಬ್ಬರೂ ಅದರಲ್ಲಿ ಕಾಣಿಸಿಕೊಂಡು ಕಚೇರಿ ನಡೆಸಿಕೊಟ್ಟರು. ಚಿತ್ರದಿಂದ ಕೈಸುಟ್ಟುಕೊಂಡರೆಂದು ಹೇಳುತ್ತಾರೆ. ಆದರೆ ಮೂವರೂ ಒಟ್ಟಿಗೆ ಕುಳಿತಿರುವ ಆ ದೃಶ್ಯ ಇಂದಿಗೂ ನೋಡಲು ದೊರೆಯುತ್ತದೆ.

'ತ್ರಿಮಕುಟ' ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದ ಅವರು ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದರು. ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಚೆಂಬೈಯವರಿಗೆ 1951ರಲ್ಲಿ, ಚೌಡಯ್ಯನವರಿಗೆ 1957ರಲ್ಲಿ, ಮಣಿ ಅಯ್ಯರ್ ಅವರಿಗೆ 1966ರಲ್ಲಿ ಸಂದಿತು. ಮೃದಂಗ ವಿದ್ವಾಂಸರೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು.

1967ರ ಜನವರಿ 19ರಂದು ಚೌಡಯ್ಯನವರು ನಿಧನರಾದರು. ಮೈಕಿಲ್ಲದ ಕಾಲಕ್ಕೆಂದು ಅವರು ತಂತಿ ಹೆಚ್ಚಿಸಿದ್ದರು. ಮಣಿ ಅಯ್ಯರ್ ಅವರು ಮುಂದೆ, ಮೈಕಿಟ್ಟ ಕಚೇರಿಯೇ ಬೇಡವೆಂದು ಹಟ ಹಿಡಿದರು.