ಶತ್ರುಪಾಳಯ ಸಾಕ್ಷಿ ನುಡಿದ ಶೌರ್ಯ

ರಣರಂಗದ ಶೌರ್ಯಕ್ಕೂ ಸಾಕ್ಷಿ ಬೇಕು. ಕಂಡವರಿಲ್ಲದ ಸಾಹಸ ಸರ್ಕಾರದ ಕಡತಕ್ಕೆ ಏರುವುದಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪಾಲಿಗೆ ಆ ಸಾಕ್ಷ್ಯ ದೊರೆತದ್ದು ಎದುರಾಳಿಯ ಕಡೆಯಿಂದ. ಅದೂ ಅವರು ಮಡಿದ ಹದಿನಾಲ್ಕು ವರ್ಷಗಳ ನಂತರ.

1932ರ ಡಿಸೆಂಬರ್ 24ರಂದು ಜನಿಸಿದ ದೇವಯ್ಯ 1954ರಲ್ಲಿ ವಾಯುಪಡೆಯ ಪೈಲಟ್ ಆದರು. ಕಿರಿಯರಿಗೆ ವಿಮಾನ ಹಾರಾಟ ಕಲಿಸುವ ಬೋಧಕರಾಗಿದ್ದ ಅವರು 1965ರ ಯುದ್ಧದ ಹೊತ್ತಿಗೆ ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ನಿಯೋಜಿತರಾಗಿದ್ದರು.

ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಸರಗೋಧ ವಾಯುನೆಲೆಯ ಮೇಲಿನ ದಾಳಿಗೆ ಹನ್ನೆರಡು ಮಿಸ್ಟೇರ್ ವಿಮಾನಗಳು ಗೊತ್ತಾಗಿದ್ದವು. ದೇವಯ್ಯನವರು ಮೀಸಲು ಪೈಲಟ್; ಯಾರಾದರೂ ಹಿಂದುಳಿದರಷ್ಟೇ ಅವರ ಸರದಿ. ಅಂದು ಅವರೂ ದಾಳಿಯ ದಂಡನ್ನು ಕೂಡಿಕೊಂಡರು, ಮರಳಿ ಬರಲಿಲ್ಲ. ಅವರ ಅಂತ್ಯವನ್ನು ಸಂಗಾತಿಗಳಾರೂ ಕಂಡಿರಲಿಲ್ಲ. ಕಾಣೆಯಾದವರ ಪಟ್ಟಿಗೆ ಮತ್ತೊಂದು ಹೆಸರು ಸೇರಿತು.

ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಬರೆದ ಗ್ರಂಥ 1979ರಲ್ಲಿ ಪ್ರಕಟವಾದಾಗ ಸತ್ಯ ಹೊರಬಿತ್ತು. ದಾಳಿಯ ಬಳಿಕ ಹಿಂದಿರುಗುತ್ತಿದ್ದ ಒಂಟಿ ಮಿಸ್ಟೇರ್ ಒಂದನ್ನು ಅಮ್ಜದ್ ಹುಸೇನ್ ಎಂಬ ಪೈಲಟ್ ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿದ್ದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನವದು. ಮಿಸ್ಟೇರ್ ಅದಕ್ಕೆ ಯಾವ ರೀತಿಯಲ್ಲೂ ಸಮನಲ್ಲ. ಗುಂಡೇಟು ತಿಂದ ಮೇಲೂ ಮಿಸ್ಟೇರ್ ಓಡಲಿಲ್ಲ, ತಿರುಗಿ ಕಾದಾಡಿತು, ಸ್ಟಾರ್‌ಫೈಟರನ್ನು ಹೊಡೆದುರುಳಿಸಿತು. ಅಮ್ಜದ್ ಪ್ಯಾರಾಚೂಟ್ ನೆರವಿನಿಂದ ಬದುಕುಳಿದರು. ಆ ಮಿಸ್ಟೇರ್ ದೇವಯ್ಯನವರದಲ್ಲದೆ ಬೇರೆಯದಾಗಿರಲು ಸಾಧ್ಯವಿರಲಿಲ್ಲ. ಆಗ ಅವರಿಗೆ 32 ವರ್ಷ.

ಅಂದು ಸ್ಕ್ವಾಡ್ರನ್‌ನ ಮುಖ್ಯಸ್ಥರಾಗಿದ್ದ ಓ. ಪಿ. ತನೇಜಾ ಈ ವೃತ್ತಾಂತವನ್ನು ವಾಯುಪಡೆಯ ಗಮನಕ್ಕೆ ತಂದರು. ಆದರೂ ಯುದ್ಧಕಾಲದ ಎರಡನೇ ಅತ್ಯುನ್ನತ ಶೌರ್ಯ ಪದಕವಾದ ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಅಷ್ಟರಲ್ಲಿ 23 ವರ್ಷ ಕಳೆದಿದ್ದವು.

ಮಡಿಕೇರಿಯ ವೃತ್ತವೊಂದಕ್ಕೆ ಇಂದು ದೇವಯ್ಯನವರ ಹೆಸರಿದೆ. ಅಭಿಮಾನ ಪಡಬೇಕಾದದ್ದೇ. ಆದರೆ ಎದುರಾಳಿ ಮೌನವಾಗಿದ್ದಿದ್ದರೆ ಈ ಸಾಹಸ ನಮಗೆ ತಿಳಿಯುತ್ತಲೇ ಇರಲಿಲ್ಲ ಎಂಬುದನ್ನೂ ಮರೆಯಲಾಗದು. ಕಾಣೆಯಾದವರ ಪಟ್ಟಿಯಲ್ಲಿ ಸಾಕ್ಷಿಯಿಲ್ಲದೆ ಉಳಿದುಹೋದ ಹೆಸರುಗಳು ಇನ್ನೂ ಇವೆ. ದಾಖಲೆಗಳನ್ನು ಬಿಚ್ಚಿ, ಹುಡುಕಿ, ಅವರ ಮನೆಯವರಿಗೆ ನಡೆದುದೇನೆಂದು ತಿಳಿಸುವುದು ಪದಕ ನೀಡುವುದಕ್ಕಿಂತ ಮೊದಲಿನ ಕರ್ತವ್ಯ.